ಲಾಗ್ ಲೆವೆಲ್ ಏರಿಸುವ ಮುನ್ನ ಮತ್ತು ಏರಿಸಿದ ಮೇಲೆ: ಸಣ್ಣ ಕುಬರ್ನೆಟಿಸ್ ಕ್ಲಸ್ಟರ್ ನಡೆಸುವವರಿಗೆ

ಕ್ಲಸ್ಟರ್ (ಒಂದಾಗಿ ಕೆಲಸ ಮಾಡುವ ಮಷಿನ್‌ಗಳ ಗುಂಪು) ಕೈಕೊಟ್ಟ ಕೂಡಲೇ ಲಾಗ್ ಲೆವೆಲ್ಲನ್ನು, ಅಂದರೆ ಪ್ರೋಗ್ರಾಂ ತನ್ನ ಕೆಲಸವನ್ನು ಎಷ್ಟು ವಿವರವಾಗಿ ಬರೆದಿಡಬೇಕೆಂಬ ಅಂಕಿಯನ್ನು, 9ಕ್ಕೆ ಏರಿಸಿ ಕೂರುವ ಚಟ ನಮ್ಮ ಹುಡುಗರಿಗೆ ಬಹಳ. ನೋಡನೋಡುತ್ತಲೇ ಪರದೆ ತುಂಬ ಸಾಲುಗಳು ಓಡತೊಡಗುತ್ತವೆ, ಬೇಕಾದ ಒಂದು ಸಾಲು ಅದರಲ್ಲೇ ಮುಳುಗಿಹೋಗುತ್ತದೆ. ನಾನು ಕಂಡ ಮಟ್ಟಿಗೆ, ಕಾರಣ ಹೇಳುವ ಸಾಲು ಹೆಚ್ಚಿನ ಸಲ ಲೆವೆಲ್ ಮುಟ್ಟುವ ಮೊದಲೇ ಎಲ್ಲೋ ಬಿದ್ದಿರುತ್ತದೆ. ಅದನ್ನು ಓದದೆ ಲೆವೆಲ್ ಏರಿಸಲು ಹೋದರೆ ಪಾಡ್ (ಅಪ್ಲಿಕೇಶನ್ ಓಡುವ ಪ್ರತ್ಯೇಕ ಪೆಟ್ಟಿಗೆಗಳಾದ ಕಂಟೇನರ್‌ಗಳ ಕಟ್ಟು) ರೀಸ್ಟಾರ್ಟ್ ಆಗಿ, ಇದ್ದ ಸುಳಿವೂ ಅಳಿಸಿಹೋಗುತ್ತದೆ. ಹೀಗಾಗಿ ಈ ಲೇಖನದಲ್ಲಿ ಲೆವೆಲ್ ಏರಿಸುವ ಮಾತು ಸ್ವಲ್ಪ ತಡವಾಗಿಯೇ ಬರುತ್ತದೆ.

ಉದಾಹರಣೆಗೆ ಒಂದು ಕ್ಲಸ್ಟರ್ ಕಲ್ಪಿಸಿಕೊಳ್ಳಿ. ಬೆಳಗಾವಿಯ ಉದ್ಯಮಬಾಗದಲ್ಲೊಂದು ಸಣ್ಣ ಆಫೀಸು. ಉಬುಂಟು ಹಾಕಿದ ನಾಲ್ಕು ಮಷಿನ್‌ಗಳ ಮೇಲೆ ಕ್ಯೂಬ್‌ಅಡ್ಮಿನ್ ಎಂಬ ಸಲಕರಣೆ ಬಳಸಿ ಕಟ್ಟಿದ ಕುಬರ್ನೆಟಿಸ್ (ಕಂಟೇನರ್‌ಗಳನ್ನು ಹಲವು ಮಷಿನ್‌ಗಳ ಮೇಲೆ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ): ಎಲ್ಲವನ್ನೂ ನಿಯಂತ್ರಿಸುವ ಒಂದು ಕಂಟ್ರೋಲ್ ಪ್ಲೇನ್, ಕೆಲಸ ಮಾಡುವ ಮೂರು ವರ್ಕರ್. ಈ ಒಂದೊಂದು ಮಷಿನ್ನೂ ಒಂದು ನೋಡ್. ಅದರ ಮೇಲೆ ಸಕ್ಕರೆ ಕಾರ್ಖಾನೆಯೊಂದರ ಕಾಟಾ ಲೆಕ್ಕ ಓಡುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಹತ್ತಿದರೆ ತೂಕ ದಾಖಲಾಗಬೇಕು, ಚೀಟಿ ಹೊರಬರಬೇಕು, ರೈತನ ಮೊಬೈಲಿಗೆ ಎಸ್‌ಎಂಎಸ್ ಹೋಗಬೇಕು. ಹಂಗಾಮಿನಲ್ಲಿ ರಾತ್ರಿ ಎರಡಕ್ಕೆ ಫೋನ್ ಬರುತ್ತದೆ: "ಸರ, ಚೀಟಿ ಹೊಂಟಿಲ್ರಿ, ಗಾಡಿ ಲೈನ್ ರೋಡಿಗೆ ಬಂದೈತ್ರಿ." ಈ ಹೊತ್ತಿನಲ್ಲಿ ಯಾವ ಕ್ರಮದಲ್ಲಿ ಹುಡುಕಬೇಕು ಅನ್ನುವುದೇ ವಿಷಯ.

ಕಮಾಂಡುಗಳನ್ನು ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಂತ 1: ಆರಿಹೋಗುವ ಸುಳಿವನ್ನು ಮೊದಲು ಎತ್ತಿಕೊಳ್ಳಿ

ಎಲ್ಲಕ್ಕಿಂತ ಬೇಗ ಮಾಯವಾಗುವುದು ಈವೆಂಟುಗಳು, ಅಂದರೆ ಕ್ಲಸ್ಟರ್‌ನಲ್ಲಿ ಏನೇನಾಯಿತು ಎಂಬ ಚುಟುಕು ದಾಖಲೆಗಳು. ಎಪಿಐ ಸರ್ವರ್ (ಕ್ಲಸ್ಟರ್‌ಗೆ ಬರುವ ಕೇಳಿಕೆಗಳ ಮುಂಬಾಗಿಲು) ಅವನ್ನು ಡಿಫಾಲ್ಟಾಗಿ ಒಂದು ಗಂಟೆ ಮಾತ್ರ ಇಟ್ಟುಕೊಳ್ಳುತ್ತದೆ. ರಾತ್ರಿ ಎರಡಕ್ಕೆ ಆದದ್ದನ್ನು ಬೆಳಿಗ್ಗೆ ಚಹಾ ಕುಡಿದು ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಮೊದಲ ಕೆಲಸ ಇದು (ಕ್ಯೂಬ್‌ಸಿಟಿಎಲ್ ಎಂದರೆ ಕ್ಲಸ್ಟರ್ ಜೊತೆ ಮಾತಾಡುವ ಕಮಾಂಡ್):

ಕ್ಯೂಬ್‌ಸಿಟಿಎಲ್ ಗೆಟ್ ಈವೆಂಟ್ಸ್ -ಎ --ಸಾರ್ಟ್-ಬೈ=.ಮೆಟಾಡೇಟಾ.ಕ್ರಿಯೇಶನ್‌ಟೈಮ್‌ಸ್ಟ್ಯಾಂಪ್

ಬಂದದ್ದನ್ನು ಒಂದು ಫೈಲಿಗೆ ತಿರುಗಿಸಿ ಇಟ್ಟುಕೊಳ್ಳಿ. ಇಲ್ಲಿನ -ಎ ಇಂಗ್ಲಿಷಿನ ದೊಡ್ಡಕ್ಷರ, ಎಲ್ಲ ನೇಮ್‌ಸ್ಪೇಸ್‌ಗಳೂ (ಕ್ಲಸ್ಟರ್‌ನ ಒಳಗಿನ ವಿಭಾಗಗಳು) ಬರಲಿ ಎಂದು. ಪಾಡ್ ಪೆಂಡಿಂಗ್‌ನಲ್ಲೇ ನಿಂತಿದ್ದರೆ, ಅದಕ್ಕೆ ನೋಡ್ ಆರಿಸುವ ಶೆಡ್ಯೂಲರ್‌ನ ಲಾಗ್ ಕೆದಕುವ ಅಗತ್ಯ ಬಹುತೇಕ ಬೀಳುವುದಿಲ್ಲ. ಎಷ್ಟು ನೋಡ್‌ಗಳಲ್ಲಿ ಜಾಗ ಸಿಗಲಿಲ್ಲ, ಮೆಮೊರಿ ಸಾಲಲಿಲ್ಲವೋ, ಟೇಂಟ್ (ನೋಡ್ ಮೇಲೆ ಹಾಕಿದ ನಿರ್ಬಂಧದ ಗುರುತು) ಅಡ್ಡ ಬಂತೋ ಎಂಬುದನ್ನು ಈವೆಂಟೇ ಬಿಡಿಸಿ ಹೇಳುತ್ತದೆ.

ಎರಡನೆಯದು, ಸತ್ತು ಮತ್ತೆ ಎದ್ದ ಕಂಟೇನರ್‌ನ ಹಿಂದಿನ ಜನ್ಮದ ಲಾಗ್. ಕ್ಯೂಬ್‌ಸಿಟಿಎಲ್ ಲಾಗ್ಸ್ ಕಮಾಂಡಿಗೆ --ಪ್ರೀವಿಯಸ್ ಸೇರಿಸಿದರೆ ಅದು ಸಿಗುತ್ತದೆ. ಈ ಒಂದು ಪದ ಸೇರಿಸದೆ, ಹೊಸದಾಗಿ ಎದ್ದ ಕಂಟೇನರ್‌ನ ಲಾಗ್ ನೋಡಿ "ಎಲ್ಲಾ ಸರಿ ಐತಲ್ರಿ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯದು ಆ ಪಾಡ್ ಮೇಲೆ ಓಡಿಸುವ ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್. ಅದರಲ್ಲಿ ಕೊನೆಯ ಸಲ ಕಂಟೇನರ್ ಯಾವ ಎಕ್ಸಿಟ್ ಕೋಡ್‌ನಿಂದ ನಿಂತಿತು ಎಂದಿರುತ್ತದೆ. 137 ಎಂದರೆ 128 ಕೂಡಿಸು 9, ಅಂದರೆ ಬಲವಂತವಾಗಿ ಕೊಂದದ್ದು. ಪಕ್ಕದಲ್ಲೇ ಊಮ್‌ಕಿಲ್ಡ್ ಎಂದಿದ್ದರೆ ಮೆಮೊರಿ ಮಿತಿ ಮೀರಿದೆ, ಯಾವ ಲಾಗ್ ಲೆವೆಲ್ಲೂ ಇದಕ್ಕಿಂತ ಹೆಚ್ಚು ಹೇಳಲಾರದು. 143 ಬಂದಿದ್ದರೆ ಯಾರೋ ಮರ್ಯಾದೆಯಿಂದ ನಿಲ್ಲು ಎಂದಿದ್ದಾರೆ; ಡಿಪ್ಲಾಯ್ ಆಯಿತೇ, ನೋಡ್ ಖಾಲಿ ಮಾಡಿದರೇ ಎಂದು ಕೇಳಿ.

ಈ ಮೂರನ್ನು ಎತ್ತಿಟ್ಟುಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಹಂತ 2: ಸಾಲು ಓದಲು ಕಲಿಯಿರಿ

ಎಪಿಐ ಸರ್ವರ್, ಕಂಟ್ರೋಲರ್ ಮ್ಯಾನೇಜರ್, ಶೆಡ್ಯೂಲರ್, ಪ್ರತಿ ನೋಡ್‌ನಲ್ಲೂ ಪಾಡ್ ಓಡಿಸುವ ಕ್ಯೂಬ್‌ಲೆಟ್ ಇವೆಲ್ಲ ಕೆಲಾಗ್ ಎಂಬ ಒಂದೇ ಲೈಬ್ರರಿಯಿಂದ ಬರೆಯುತ್ತವೆ. ಸಾಲಿನ ಮೊದಲ ಅಕ್ಷರ ತೀವ್ರತೆ: ಐ ಎಂದರೆ ಮಾಹಿತಿ, ಡಬ್ಲ್ಯು ಎಂದರೆ ಎಚ್ಚರಿಕೆ, ಇ ಎಂದರೆ ದೋಷ, ಎಫ್ ಎಂದರೆ ಪ್ರೋಗ್ರಾಮೇ ನಿಂತುಹೋಗುವಂಥ ದೋಷ. ಅದಕ್ಕೆ ಅಂಟಿಕೊಂಡ ನಾಲ್ಕು ಅಂಕಿ ತಿಂಗಳು ಮತ್ತು ದಿನ; 1203 ಎಂದರೆ ಡಿಸೆಂಬರ್ 3. ವರ್ಷ ಇರುವುದಿಲ್ಲ. ಆಮೇಲೆ ಸಮಯ, ಒಂದು ಸಂಖ್ಯೆ, ಆ ಸಾಲು ಹುಟ್ಟಿದ ಸೋರ್ಸ್ ಫೈಲಿನ ಹೆಸರು ಮತ್ತು ಲೈನ್ ನಂಬರ್, ನಂತರ ಸಂದೇಶ.

ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುವ ಒಂದು ಜಾಗವಿದೆ. ಐ, ಡಬ್ಲ್ಯು, ಇ ಎಂಬ ತೀವ್ರತೆ ಬೇರೆ. 0ರಿಂದ 9ರವರೆಗಿನ ವರ್ಬಾಸಿಟಿ, ಅಂದರೆ ಇಲ್ಲಿ ಹೇಳುವ ಲಾಗ್ ಲೆವೆಲ್, ಬೇರೆ. ಅಂಕಿ ಏರಿಸಿದರೆ ಹೆಚ್ಚುವುದು ಐ ಸಾಲುಗಳು ಮಾತ್ರ. ದೋಷದ ಸಾಲುಗಳು 0 ಇದ್ದರೂ ಬಂದೇ ಬರುತ್ತವೆ. ಹಾಗಾಗಿ ಲೆವೆಲ್ ಏರಿಸುವ ಮೊದಲು ಇ ಅಕ್ಷರದಿಂದ ಶುರುವಾಗುವ ಸಾಲುಗಳನ್ನಷ್ಟೇ ಗ್ರೆಪ್ (ಹುಡುಕಿ ಆರಿಸುವ ಕಮಾಂಡ್) ಮಾಡಿ ಓದಿ. ಅರ್ಧಕ್ಕರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಸಮಯದ ಲೆಕ್ಕವನ್ನೂ ತಲೆಯಲ್ಲಿಡಿ. ನೋಡ್ ನಮ್ಮ ಸಮಯದಲ್ಲಿದ್ದರೆ ಕ್ಯೂಬ್‌ಲೆಟ್ ಭಾರತೀಯ ಸಮಯದಲ್ಲೇ ಬರೆಯುತ್ತದೆ. ಪಾಡ್‌ಗಳ ಒಳಗಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿ. ರಾತ್ರಿ 2:14ಕ್ಕೆ ಕಾಟಾ ನಿಂತಿದ್ದರೆ ಅಪ್ಲಿಕೇಶನ್ ಲಾಗ್‌ನಲ್ಲಿ ಹುಡುಕಬೇಕಾದದ್ದು ಹಿಂದಿನ ದಿನದ 20:44. ಐದೂವರೆ ಗಂಟೆಯ ಈ ಅಂತರ ಮರೆತು, ಸಂಬಂಧವೇ ಇಲ್ಲದ ಸಾಲಿನ ಮೇಲೆ ರಾತ್ರಿಯೆಲ್ಲ ಕೂತವರಿದ್ದಾರೆ.

ಹಂತ 3: ಅಂಕಿಗಳ ಅರ್ಥ ತಿಳಿದುಕೊಳ್ಳಿ

0 ಎಂದರೆ ಆಡಳಿತಗಾರನಿಗೆ ಯಾವಾಗಲೂ ಕಾಣಲೇಬೇಕಾದ್ದು. 2 ಎಂದರೆ ಸ್ಥಿರವಾಗಿ ನಡೆಯುವ ವ್ಯವಸ್ಥೆಯ ಉಪಯುಕ್ತ ಸುದ್ದಿ ಮತ್ತು ಮುಖ್ಯ ಬದಲಾವಣೆಗಳು. ಹೆಚ್ಚಿನ ವ್ಯವಸ್ಥೆಗಳಿಗೆ ಕುಬರ್ನೆಟಿಸ್ ದಾಖಲೆ ಶಿಫಾರಸು ಮಾಡುವುದು ಇದನ್ನೇ. 3ರಲ್ಲಿ ಬದಲಾವಣೆಗಳ ವಿವರ ಹೆಚ್ಚುತ್ತದೆ. 4 ಡೀಬಗ್, 5 ಟ್ರೇಸ್. 6ರಿಂದ ಮೇಲೆ ಎಪಿಐ ಜೊತೆಗಿನ ಮಾತುಕತೆ: 6ರಲ್ಲಿ ಯಾವ ಸಂಪನ್ಮೂಲ ಕೇಳಿತು, 7ರಲ್ಲಿ ಹೆಡರ್, 8ರಲ್ಲಿ ಒಳಗಿನ ಮಾಹಿತಿ, 9ರಲ್ಲಿ ಅದೇ ಮಾಹಿತಿ ಕತ್ತರಿಸದೆ ಪೂರ್ತಿ.

ಕ್ಯೂಬ್‌ಅಡ್ಮಿನ್‌ನಿಂದ ಕಟ್ಟಿದ ಕ್ಲಸ್ಟರ್ ತಾನಾಗಿ ನಿಲ್ಲುವುದು 0ಯಲ್ಲಿ. ನನ್ನ ಅಭಿಪ್ರಾಯ ಕೇಳಿದರೆ, ಹಂಗಾಮು ಶುರುವಾಗುವ ಮೊದಲೇ ಎಲ್ಲವನ್ನೂ 2ಕ್ಕೆ ತಂದಿಡಿ. ಡಿಸ್ಕ್‌ಗೆ ಅದು ಭಾರವಲ್ಲ. ತೊಂದರೆ ಆದ ಮೇಲೆ ಏರಿಸಿದ ಲೆವೆಲ್ಲು ಆಗಿಹೋದದ್ದನ್ನು ಹೇಳುವುದಿಲ್ಲ. ಮುಂದಿನ ಸಲ ಆಗುವುದನ್ನು ಮಾತ್ರ ಹೇಳುತ್ತದೆ. ಹುಡುಕಾಟಕ್ಕೆ 4 ಸಾಕು. ಸರ್ವರ್ ಘಟಕಗಳಲ್ಲಿ 6 ದಾಟಲು ನನಗಂತೂ ಕಾರಣ ಸಿಕ್ಕಿದ್ದು ಅಪರೂಪ.

ಹಂತ 4: ನಿಮ್ಮ ಲ್ಯಾಪ್‌ಟಾಪಿನಿಂದ ಶುರು ಮಾಡಿ

ಕ್ಲಸ್ಟರ್ ಮುಟ್ಟದೆ ಏರಿಸಬಹುದಾದ ಒಂದೇ ಲೆವೆಲ್ ಕ್ಯೂಬ್‌ಸಿಟಿಎಲ್‌ನದು. ಯಾವುದೇ ಕಮಾಂಡಿನ ಕೊನೆಗೆ --ವಿ=6 ಸೇರಿಸಿ. ಯಾವ ವಿಳಾಸಕ್ಕೆ ಕೇಳಿಕೆ ಹೋಯಿತು, ಏನು ಉತ್ತರ ಬಂತು, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬುದು ಕಾಣುತ್ತದೆ. "ಕ್ಲಸ್ಟರ್ ಸ್ಲೋ ಆಗೈತಿ" ಎಂಬ ದೂರು ಬಂದಾಗ ಇದೇ ಕಮಾಂಡನ್ನು ಕಾರ್ಖಾನೆಯ ಕಡೆಯಿಂದೊಮ್ಮೆ, ಕಂಟ್ರೋಲ್ ಪ್ಲೇನ್ ಮಷಿನ್ ಮೇಲೊಮ್ಮೆ ಓಡಿಸಿ. ಅಲ್ಲಿ ಸಾವಿರಾರು, ಇಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡ್ ಬಂದರೆ ಕುಬರ್ನೆಟಿಸ್ ಬಿಟ್ಟು ನಡುವಿನ ಇಂಟರ್ನೆಟ್ ಲೈನು, ವಿಪಿಎನ್ ನೋಡಿ. 403 ಬಂದರೆ ಅನುಮತಿಯ ತೊಂದರೆ. ಏನೂ ಉತ್ತರವಿಲ್ಲದೆ ಟೈಮ್‌ಔಟ್ ಆದರೆ ದಾರಿಯ ತೊಂದರೆ.

8 ಮತ್ತು 9ರ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಮಟ್ಟದಲ್ಲಿ ಸೀಕ್ರೆಟ್ (ಪಾಸ್‌ವರ್ಡ್‌ನಂಥ ಗುಟ್ಟು ಇಡುವ ಜಾಗ) ತರಿಸಿದರೆ ಅದರ ವಿಷಯವೂ ಪರದೆಗೆ ಬರುತ್ತದೆ. ಬೇಸ್64ನಲ್ಲಿದೆ ಎಂದು ನಿಶ್ಚಿಂತರಾಗಬೇಡಿ, ಅದನ್ನು ಬಿಚ್ಚಲು ಒಂದು ಕಮಾಂಡ್ ಸಾಕು. ಅಂಥ ಸ್ಕ್ರೀನ್‌ಶಾಟ್ ವಾಟ್ಸಾಪ್ ಗುಂಪಿಗೆ ಹೋದರೆ ಡೇಟಾಬೇಸಿನ ಪಾಸ್‌ವರ್ಡ್ ಹೋದಂತೆಯೇ.

ಹಂತ 5: ಕ್ಯೂಬ್‌ಲೆಟ್, ಇಲ್ಲೇ ಹೆಚ್ಚು ಹೊತ್ತು ಕಳೆಯುವುದು

ನಮ್ಮ ಕಡೆಯ ಸಣ್ಣ ಕ್ಲಸ್ಟರ್‌ಗಳಲ್ಲಿ ಹೆಚ್ಚಿನ ರಗಳೆ ಶುರುವಾಗುವುದು ಕರೆಂಟ್ ಹೋಗಿ ಬಂದ ಮೇಲೆ. ಯುಪಿಎಸ್ ಬ್ಯಾಟರಿ ಹಳೆಯದು, ಮಷಿನ್ ಬಂದ್ ಆಗಿ ತಾನೇ ಎದ್ದಿದೆ, ಒಂದು ನೋಡ್ ಮಾತ್ರ ನಾಟ್ ರೆಡಿ. ಕ್ಯೂಬ್‌ಲೆಟ್ ಪಾಡ್ ಅಲ್ಲ, ಲಿನಕ್ಸ್‌ನ ಸಿಸ್ಟಮ್‌ಡಿ ನಡೆಸುವ ಸೇವೆ. ಹಾಗಾಗಿ ಆ ನೋಡ್‌ಗೇ ಲಾಗಿನ್ ಆಗಿ, ಸಿಸ್ಟಮ್‌ಡಿಯ ಲಾಗ್ ಸಂಗ್ರಹವಾದ ಜರ್ನಲ್ ಓದಿ:

ಜರ್ನಲ್‌ಸಿಟಿಎಲ್ -ಯು ಕ್ಯೂಬ್‌ಲೆಟ್ --ಸಿನ್ಸ್ "15 ಮಿನ್ ಎಗೋ" --ನೋ-ಪೇಜರ್

ಎರಡು ಸಂದೇಶಗಳನ್ನು ಗುರುತು ಹಿಡಿಯಲು ಕಲಿತರೆ ಅರ್ಧ ರಾತ್ರಿಯ ನಿದ್ದೆ ಉಳಿಯುತ್ತದೆ. ಒಂದು, ಸ್ವಾಪ್ (ಮೆಮೊರಿಯ ಬದಲಿಗೆ ಬಳಸುವ ಡಿಸ್ಕ್ ಜಾಗ) ಆನ್ ಇರುವಾಗ ಓಡುವುದಕ್ಕೆ ಬೆಂಬಲವಿಲ್ಲ ಎನ್ನುವ ಸಾಲು. ಕ್ಲಸ್ಟರ್ ಕಟ್ಟುವಾಗ ಸ್ವಾಪ್‌ಆಫ್ -ಎ (ಇಲ್ಲಿ ಸಣ್ಣಕ್ಷರ) ಎಂದು ಹೊಡೆದಿರುತ್ತಾರೆ, ಬೂಟ್ ಆಗುವಾಗ ಓದುವ ಎಫ್‌ಎಸ್‌ಟ್ಯಾಬ್ ಫೈಲಿನ ಸ್ವಾಪ್ ಸಾಲನ್ನು ತೆಗೆದಿರುವುದಿಲ್ಲ. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಮಷಿನ್ ಮೊದಲ ಸಲ ರೀಬೂಟ್ ಆದ ದಿನ ಸ್ವಾಪ್ ಮರಳಿ ಬರುತ್ತದೆ, ಕ್ಯೂಬ್‌ಲೆಟ್ ಹತ್ತು ಸೆಕೆಂಡಿಗೊಮ್ಮೆ ಎದ್ದು ಬೀಳತೊಡಗುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಸಾಲಿನ ಮುಂದೆ ಹ್ಯಾಶ್ ಹಾಕಿ, ಸ್ವಾಪ್ ಬಂದ್ ಮಾಡಿ.

ಇನ್ನೊಂದು, ಎಕ್ಸ್509 ಎಂದು ಶುರುವಾಗಿ, ಪ್ರಮಾಣಪತ್ರದ ಅವಧಿ ಮುಗಿದಿದೆ ಅಥವಾ ಇನ್ನೂ ಶುರುವಾಗಿಲ್ಲ ಎನ್ನುವ ಸಾಲು. ಅರ್ಧ ಓದಿ ಸರ್ಟಿಫಿಕೇಟ್ ನವೀಕರಿಸಲು ಓಡಬೇಡಿ. ಪೂರ್ತಿ ಸಾಲಿನಲ್ಲಿ ಮಷಿನ್‌ನ ಈಗಿನ ಸಮಯವೂ ಇರುತ್ತದೆ. ಆ ತಾರೀಕು ಎಷ್ಟೋ ಹಿಂದಿನದಾಗಿದ್ದರೆ ಕೆಟ್ಟಿರುವುದು ಗಡಿಯಾರ: ಹಳೆಯ ಮಷಿನ್‌ನ ಮದರ್‌ಬೋರ್ಡ್ ಮೇಲಿನ ಸಣ್ಣ ಸೆಲ್ ಸತ್ತಿದೆ, ಕರೆಂಟ್ ಹೋದಾಗ ಸಮಯವೂ ಹೋಗಿದೆ. ಟೈಮ್‌ಡೇಟ್‌ಸಿಟಿಎಲ್ ನೋಡಿ, ಸಮಯ ಸರಿಪಡಿಸಿ, ಮರುದಿನ ಸೆಲ್ ಬದಲಿಸಿ. ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಸಿಆರ್2032 ಇರುತ್ತದೆ, ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ತಾರೀಕು ಸರಿಯಿದ್ದರೆ ಮಾತ್ರ ಕಂಟ್ರೋಲ್ ಪ್ಲೇನ್ ಮೇಲೆ ಕ್ಯೂಬ್‌ಅಡ್ಮಿನ್ ಸರ್ಟ್ಸ್ ಚೆಕ್-ಎಕ್ಸ್‌ಪಿರೇಶನ್ ಓಡಿಸಿ. ಅದು ಕೊಡುವ ಕ್ಲೈಂಟ್ ಪ್ರಮಾಣಪತ್ರಗಳ ಆಯಸ್ಸು ಒಂದು ವರ್ಷ.

ಈ ಎರಡೂ 0 ಲೆವೆಲ್‌ನಲ್ಲೇ ಕಾಣುತ್ತವೆ. ಇಷ್ಟಾದರೂ ಕಾರಣ ಸಿಗದಿದ್ದರೆ, ಉದಾಹರಣೆಗೆ ವಾಲ್ಯೂಮ್ (ಪಾಡ್ ಬಳಸುವ ಡಿಸ್ಕ್ ಜಾಗ) ಮೌಂಟ್ ಆಗದೆ ಪಾಡ್ ಕಂಟೇನರ್‌ಕ್ರಿಯೇಟಿಂಗ್‌ನಲ್ಲೇ ನಿಂತಿದ್ದರೆ, ಈಗ ಲೆವೆಲ್ ಏರಿಸಿ. ಆ ನೋಡ್ ಒಂದರಲ್ಲೇ ಏರಿಸಿ, ನಾಲ್ಕರಲ್ಲೂ ಬೇಡ.

/ವಾರ್/ಲಿಬ್/ಕ್ಯೂಬ್‌ಲೆಟ್/ಕಾನ್ಫಿಗ್.ಯಾಮಲ್ ಫೈಲು ತೆರೆದರೆ ಲಾಗಿಂಗ್ ಎಂಬ ಭಾಗದಲ್ಲಿ ವರ್ಬಾಸಿಟಿ ಎಂಬ ಸಾಲಿದೆ. ಅದನ್ನು 4 ಮಾಡಿ, ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕ್ಯೂಬ್‌ಲೆಟ್ ಎನ್ನಿ. ಓಡುತ್ತಿರುವ ಕಂಟೇನರ್‌ಗಳು ಇದರಿಂದ ನಿಲ್ಲುವುದಿಲ್ಲ. ಬದಲಿಸಿದರೂ ಏನೂ ಬದಲಾಗದಿದ್ದರೆ /ಇಟಿಸಿ/ಡಿಫಾಲ್ಟ್/ಕ್ಯೂಬ್‌ಲೆಟ್ ಫೈಲು ನೋಡಿ; ಅಲ್ಲಿ ಹಿಂದಿನವರು ಯಾರೋ --ವಿ ಬರೆದಿಟ್ಟಿರಬಹುದು. ಕಮಾಂಡ್ ಲೈನ್‌ನಲ್ಲಿ ಕೊಟ್ಟದ್ದು ಕಾನ್ಫಿಗ್ ಫೈಲಿನ ಮೇಲೆ ಗೆಲ್ಲುತ್ತದೆ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ಇದೇ ಫೈಲು /ಇಟಿಸಿ/ಸಿಸ್‌ಕಾನ್ಫಿಗ್ ಕೆಳಗಿರುತ್ತದೆ.

ಕರೆಂಟ್ ಹೋಗುವ ಮೊದಲಿನ ಲಾಗ್ ಬೇಕಾದರೆ ಜರ್ನಲ್‌ಸಿಟಿಎಲ್‌ಗೆ -ಬಿ -1 ಸೇರಿಸಿ. ಹಿಂದಿನ ಬೂಟ್ ಇಲ್ಲವೇ ಇಲ್ಲ ಎಂದರೆ ಜರ್ನಲ್ ಮೆಮೊರಿಯಲ್ಲಷ್ಟೇ ಉಳಿಯುತ್ತಿದೆ ಎಂದರ್ಥ. ಡಿಫಾಲ್ಟ್ ಸೆಟ್ಟಿಂಗ್ ಇದ್ದಲ್ಲಿ /ವಾರ್/ಲಾಗ್/ಜರ್ನಲ್ ಡೈರೆಕ್ಟರಿ ಮಾಡಿ ಜರ್ನಲ್‌ಡಿ ರೀಸ್ಟಾರ್ಟ್ ಮಾಡಿದರೆ ಮುಂದಿನ ಸಲಕ್ಕೆ ಡಿಸ್ಕ್ ಮೇಲೆ ಉಳಿಯುತ್ತದೆ.

ಹಂತ 6: ಕಂಟ್ರೋಲ್ ಪ್ಲೇನ್, ಕೈ ಹಗುರವಿರಲಿ

ಎಪಿಐ ಸರ್ವರ್ ಮತ್ತು ಅದರ ಜೊತೆಗಾರರ ಮ್ಯಾನಿಫೆಸ್ಟ್ ಫೈಲುಗಳು /ಇಟಿಸಿ/ಕುಬರ್ನೆಟಿಸ್/ಮ್ಯಾನಿಫೆಸ್ಟ್ಸ್‌ನಲ್ಲಿರುತ್ತವೆ. ಫೈಲಿನಲ್ಲಿ ಕಮಾಂಡ್ ಪಟ್ಟಿಗೆ --ವಿ=4 ಎಂಬ ಸಾಲು ಸೇರಿಸಿ ಉಳಿಸಿದ ಕೂಡಲೇ ಕ್ಯೂಬ್‌ಲೆಟ್ ಅದನ್ನು ಕಂಡು ಆ ಪಾಡ್ ಅನ್ನು ಹೊಸದಾಗಿ ಎಬ್ಬಿಸುತ್ತದೆ. ಕಂಟ್ರೋಲ್ ಪ್ಲೇನ್ ಒಂದೇ ಇದ್ದರೆ ಅಷ್ಟು ಹೊತ್ತು ಎಪಿಐ ಇರುವುದಿಲ್ಲ.

ಮೊದಲು ಬ್ಯಾಕಪ್ ತೆಗೆಯಿರಿ, ಆದರೆ ಅದೇ ಡೈರೆಕ್ಟರಿಯಲ್ಲಿ ಇಡಬೇಡಿ. ಹೆಸರಿನ ಕೊನೆಗೆ .ಬ್ಯಾಕ್ ಎಂದು ಸೇರಿಸಿದರೂ ಕ್ಯೂಬ್‌ಲೆಟ್ ಅದನ್ನೂ ಓದುತ್ತದೆ. ಚುಕ್ಕೆಯಿಂದ ಶುರುವಾಗುವ ಫೈಲುಗಳನ್ನು ಮಾತ್ರ ಬಿಡುತ್ತದೆ. ಒಂದೇ ಪಾಡ್‌ಗೆ ಎರಡು ಫೈಲು ಇದ್ದರೆ ನೀವು ತಿದ್ದಿದ್ದು ಓಡುತ್ತಿದೆಯೋ ಹಳೆಯದೋ ಎಂದು ತಲೆ ಕೆಡುತ್ತದೆ. ಹೋಮ್ ಡೈರೆಕ್ಟರಿಗೆ ನಕಲು ಮಾಡಿ. ಯಾಮಲ್‌ನಲ್ಲಿ ಸ್ಪೇಸ್ ತಪ್ಪಿ ಎಪಿಐ ಸರ್ವರ್ ಏಳದೇ ಹೋದರೆ ಕ್ಯೂಬ್‌ಸಿಟಿಎಲ್ ಉಪಯೋಗಕ್ಕೆ ಬಾರದು. ಆಗ ನೋಡ್‌ನ ಕಂಟೇನರ್‌ಗಳನ್ನು ನೇರವಾಗಿ ನೋಡುವ ಸಿಆರ್‌ಐಸಿಟಿಎಲ್ ಪಿಎಸ್ -ಎ (ಇಲ್ಲೂ ಸಣ್ಣಕ್ಷರ), ಸಿಆರ್‌ಐಸಿಟಿಎಲ್ ಲಾಗ್ಸ್, ಮತ್ತು /ವಾರ್/ಲಾಗ್/ಪಾಡ್ಸ್ ಕೆಳಗಿನ ಫೈಲುಗಳೇ ಗತಿ.

ರೀಸ್ಟಾರ್ಟ್ ಇಲ್ಲದ ದಾರಿಯೂ ಇದೆ, ನಡುರಾತ್ರಿಗೆ ನಾನು ಹಿಡಿಯುವುದು ಅದನ್ನೇ. ನಿಮ್ಮ ಮಷಿನ್‌ನಿಂದ ಎಪಿಐ ಸರ್ವರ್‌ಗೆ ದಾರಿ ತೆರೆಯುವ ಕ್ಯೂಬ್‌ಸಿಟಿಎಲ್ ಪ್ರಾಕ್ಸಿ ಓಡಿಸಿ, ಇನ್ನೊಂದು ಕಿಟಕಿಯಲ್ಲಿ:

ಕರ್ಲ್ -ಎಕ್ಸ್ ಪುಟ್ --ಡೇಟಾ 4 ಲೋಕಲ್‌ಹೋಸ್ಟ್:8001/ಡೀಬಗ್/ಫ್ಲ್ಯಾಗ್ಸ್/ವಿ

ಇಲ್ಲಿ -ಎಕ್ಸ್ ಮತ್ತು ಪುಟ್ ಎರಡನ್ನೂ ದೊಡ್ಡಕ್ಷರಗಳಲ್ಲೇ ಬರೆಯಬೇಕು. ಎಪಿಐ ಸರ್ವರ್ ಓಡುತ್ತಿದ್ದಂತೆಯೇ 4ಕ್ಕೆ ಏರುತ್ತದೆ. ಕ್ಯೂಬ್‌ಲೆಟ್‌ಗೂ ಇದೇ ಉಪಾಯ ನಡೆಯುತ್ತದೆ. ಆಗ ವಿಳಾಸದಲ್ಲಿ ಡೀಬಗ್‌ಗೆ ಮೊದಲು /ಎಪಿಐ/ವಿ1/ನೋಡ್ಸ್/ ಎಂದು ಬರೆದು, ನೋಡ್‌ನ ಹೆಸರು, ಆಮೇಲೆ /ಪ್ರಾಕ್ಸಿ ಸೇರಿಸಬೇಕು. ಭದ್ರತೆಗಾಗಿ ಪ್ರೊಫೈಲಿಂಗ್ (ಪ್ರೋಗ್ರಾಂನ ಒಳಗಿನ ಓಟ ಅಳೆಯುವ ಸೌಲಭ್ಯ) ಬಂದ್ ಮಾಡಿದ ಎಪಿಐ ಸರ್ವರ್‌ನಲ್ಲಿ ಈ ಬಾಗಿಲು ಮುಚ್ಚಿರುತ್ತದೆ. ರೀಸ್ಟಾರ್ಟ್ ಆದರೆ ಹಳೆಯ ಅಂಕಿಗೇ ಮರಳುತ್ತದೆ.

ಎಪಿಐ ಸರ್ವರ್‌ನಲ್ಲಿ 3ಕ್ಕೆ ಏರಿಸಿದರೇ ಪ್ರತಿ ಕೇಳಿಕೆಯ ಸಾಲು ಬರತೊಡಗುತ್ತದೆ: ಯಾವ ವಿಳಾಸ, ಎಷ್ಟು ತಡ, ಯಾವ ಐಪಿಯಿಂದ, ಯಾವ ಯೂಸರ್‌ಏಜೆಂಟ್ (ಕೇಳಿದ ಪ್ರೋಗ್ರಾಂ ಹೇಳಿಕೊಳ್ಳುವ ಹೆಸರು). ಸುಮ್ಮನೆ ಎಪಿಐ ಬಡಿಯುತ್ತಿರುವ ಪ್ರೋಗ್ರಾಂ ಯಾವುದು ಎಂದು ಹಿಡಿಯಲು ಯೂಸರ್‌ಏಜೆಂಟ್‌ಗಳನ್ನು ಎಣಿಸಿ ನೋಡಿದರೆ ಸಾಕು.

ಹಂತ 7: ಉಳಿದವು

ಕ್ಲಸ್ಟರ್‌ನ ಸ್ಥಿತಿ ಕಾದಿಡುವ ಡೇಟಾಬೇಸ್ ಎಟ್‌ಸಿಡಿಗೆ ಅಂಕಿಯಿಲ್ಲ, --ಲಾಗ್-ಲೆವೆಲ್‌ಗೆ ಡೀಬಗ್, ಇನ್ಫೊ, ವಾರ್ನ್ ಎಂಬ ಹೆಸರುಗಳು. ಇನ್ಫೊದಲ್ಲೇ ಬಿಡಿ. ಡಿಸ್ಕ್ ನಿಧಾನವಾದ ದೂರನ್ನು ಅದು ಅಲ್ಲೇ ಹೇಳುತ್ತದೆ. ಕಂಟೇನರ್‌ಗಳನ್ನು ಓಡಿಸುವ ಕಂಟೇನರ್‌ಡಿಗೆ ಕಾನ್ಫಿಗ್.ಟಾಮಲ್‌ನ ಡೀಬಗ್ ಭಾಗದಲ್ಲಿ ಲೆವೆಲ್. ಬದಲಿಸಿ ಸೇವೆ ರೀಸ್ಟಾರ್ಟ್ ಮಾಡಬೇಕು. ಪಾಡ್‌ಗಳ ನೆಟ್‌ವರ್ಕ್‌ಗೆ ಕ್ಯಾಲಿಕೊ ಇದ್ದರೆ ಫೆಲಿಕ್ಸ್‌ಕಾನ್ಫಿಗರೇಶನ್‌ನಲ್ಲಿ ಲಾಗ್‌ಸಿವಿಯಾರಿಟಿಸ್ಕ್ರೀನ್.

ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಕೋರ್‌ಡಿಎನ್‌ಎಸ್ ಬಗ್ಗೆ ಎರಡು ಮಾತು ಹೆಚ್ಚು. ಕ್ಯೂಬ್-ಸಿಸ್ಟಮ್ ನೇಮ್‌ಸ್ಪೇಸ್‌ನಲ್ಲಿರುವ ಕೋರ್‌ಡಿಎನ್‌ಎಸ್ ಕಾನ್ಫಿಗ್‌ಮ್ಯಾಪ್ (ಸೆಟ್ಟಿಂಗ್ ಬರೆದಿಡುವ ಜಾಗ) ತೆರೆದು, ಎರರ್ಸ್ ಎಂಬ ಸಾಲಿನ ಕೆಳಗೆ ಲಾಗ್ ಎಂದು ಬರೆದರೆ ಪ್ರತಿ ಹೆಸರಿನ ಹುಡುಕಾಟ ದಾಖಲಾಗುತ್ತದೆ. ರೀಲೋಡ್ ಪ್ಲಗಿನ್ ಇರುವುದರಿಂದ ತಾನೇ ಓದಿಕೊಳ್ಳುತ್ತದೆ, ಒಂದೆರಡು ನಿಮಿಷ ಕಾಯಿರಿ. ಎಸ್‌ಎಂಎಸ್ ಹೋಗುತ್ತಿಲ್ಲ ಎಂದು ಇದನ್ನು ಹಾಕಿದವರಿಗೆ ಮೊದಲು ಕಾಣುವುದು ಎನ್‌ಎಕ್ಸ್‌ಡೊಮೈನ್‌ಗಳ (ಅಂಥ ಹೆಸರಿಲ್ಲ ಎಂಬ ಉತ್ತರ) ಸಾಲು. ಗಾಬರಿ ಬೇಡ. ಪಾಡ್‌ಗಳಲ್ಲಿ ಎನ್‌ಡಾಟ್ಸ್ 5 ಎಂದಿರುವುದರಿಂದ, ಹೊರಗಿನ ಹೆಸರಿಗೂ ಮೊದಲು ಕ್ಲಸ್ಟರ್‌ನ ಒಳಗಿನ ಬಾಲಗಳನ್ನು ಹಚ್ಚಿ ಹುಡುಕಿ, ಸಿಗದೆ, ಕೊನೆಗೆ ನಿಜವಾದ ಹೆಸರನ್ನು ಕೇಳುತ್ತದೆ. ನೋಡಬೇಕಾದದ್ದು ಆ ಕೊನೆಯ ಸಾಲು. ಅದು ನೋಎರರ್ ಆಗಿದ್ದರೆ ಡಿಎನ್‌ಎಸ್ ಸರಿಯಿದೆ.

ಅಪ್ಲಿಕೇಶನ್ ನಿಮ್ಮದೇ ಆಗಿದ್ದರೆ ಕ್ಯೂಬ್‌ಸಿಟಿಎಲ್ ಸೆಟ್ ಎನ್ವ್ ಬಳಸಿ ಲೆವೆಲ್ ಬದಲಿಸುವುದು ಸುಲಭ ಅನ್ನಿಸುತ್ತದೆ. ಹಾಗೆ ಮಾಡಿದರೆ ಎಲ್ಲ ಪಾಡ್‌ಗಳೂ ಹೊಸದಾಗಿ ಹುಟ್ಟುತ್ತವೆ, ಕೆಟ್ಟ ಸ್ಥಿತಿಯಲ್ಲಿದ್ದ ಪಾಡ್ ಸತ್ತುಹೋಗುತ್ತದೆ. ಸ್ಪ್ರಿಂಗ್ ಬೂಟ್ ಬಳಸಿದ್ದು, ಆಕ್ಚುಯೇಟರ್‌ನ ಲಾಗರ್ಸ್ ದಾರಿ ತೆರೆದಿದ್ದರೆ, ಪೋರ್ಟ್-ಫಾರ್ವರ್ಡ್ ಮಾಡಿ ಓಡುವ ಪಾಡ್‌ನಲ್ಲೇ ಬೇಕಾದ ಒಂದು ಪ್ಯಾಕೇಜಿನ ಲೆವೆಲ್ ಮಾತ್ರ ಏರಿಸಬಹುದು.

ಹಂತ 8: ಹಿಡಿಯಿರಿ, ಆಮೇಲೆ ಇಳಿಸಿರಿ

ಕ್ಯೂಬ್‌ಲೆಟ್ ಒಂದು ಕಂಟೇನರ್‌ನ ಲಾಗ್ ಫೈಲನ್ನು 10 ಎಂಬಿ ಆದಾಗ ತಿರುಗಿಸುತ್ತದೆ, 5 ಫೈಲು ಇಟ್ಟುಕೊಂಡು ಹಳೆಯದನ್ನು ಒಗೆಯುತ್ತದೆ. ಕ್ಯೂಬ್‌ಸಿಟಿಎಲ್ ಲಾಗ್ಸ್ ತೋರಿಸುವುದು ಕೊನೆಯ ಫೈಲನ್ನು ಮಾತ್ರ. ಲೆವೆಲ್ ಏರಿದಷ್ಟೂ ಈ ಚಕ್ರ ಜೋರಾಗಿ ತಿರುಗುತ್ತದೆ; ತೊಂದರೆ ಆದ ಕ್ಷಣದ ಸಾಲು ನೀವು ನೋಡುವಷ್ಟರಲ್ಲಿ ಹೊರಗೆ ಬಿದ್ದಿರುತ್ತದೆ. ಜರ್ನಲ್‌ಡಿಗೂ ಮಿತಿಯಿದೆ: ಡಿಫಾಲ್ಟಾಗಿ ಒಂದು ಸೇವೆಗೆ 30 ಸೆಕೆಂಡಿಗೆ 10,000 ಸಾಲು ಮೂಲ ಮಿತಿ, ಡಿಸ್ಕ್‌ನ ಖಾಲಿ ಜಾಗಕ್ಕೆ ತಕ್ಕಂತೆ ಅದು ಹಿಗ್ಗುತ್ತದೆ; ಅದನ್ನೂ ಮೀರಿ ಬರೆದರೆ ಉಳಿದದ್ದನ್ನು ಬಿಟ್ಟುಬಿಡುತ್ತದೆ. ಇಷ್ಟು ಸಾಲುಗಳನ್ನು ತಡೆಹಿಡಿದಿದ್ದೇನೆ ಎಂಬ ಒಂದು ಸಾಲು ಮಾತ್ರ ಸಿಗುತ್ತದೆ.

ಆದ್ದರಿಂದ ಲೆವೆಲ್ ಏರಿಸುವ ಮೊದಲೇ ಇನ್ನೊಂದು ಕಿಟಕಿಯಲ್ಲಿ ಲಾಗ್ಸ್ -ಎಫ್ ಹಾಕಿ ಫೈಲಿಗೆ ಬರೆಸಲು ಶುರು ಮಾಡಿ. ಡಿಎಫ್ -ಎಚ್ ನೋಡಿ ಜಾಗವಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ನೋಡ್‌ನ ಡಿಸ್ಕ್ ತುಂಬಿದರೆ ಕ್ಯೂಬ್‌ಲೆಟ್ ಪಾಡ್‌ಗಳನ್ನೇ ಹೊರಹಾಕತೊಡಗುತ್ತದೆ. ಲೆವೆಲ್ ಏರಿಸಿ, ತೊಂದರೆಯನ್ನು ಒಂದು ಸಲ ಮತ್ತೆ ಆಗಗೊಡಿ: ಕಾಟಾದಲ್ಲಿ ಕೂತವರಿಗೆ ಫೋನ್ ಹಚ್ಚಿ "ಅಣ್ಣಾರ, ಈಗೊಮ್ಮೆ ಚೀಟಿ ತಗೀರಿ" ಅನ್ನಿ, ಆ ಗಳಿಗೆಯ ಸಮಯ ಬರೆದಿಟ್ಟುಕೊಳ್ಳಿ. ಸಿಕ್ಕಿತೆಂದರೆ ಕೂಡಲೇ 2ಕ್ಕೆ ಇಳಿಸಿ.

ಇಳಿದಿದೆಯೇ ಎಂದು ನೋಡುವ ರೀತಿ ಏರಿಸಿದ ರೀತಿಯನ್ನು ಅವಲಂಬಿಸಿದೆ. ಕ್ಯೂಬ್‌ಲೆಟ್‌ನ ಕಾನ್ಫಿಗ್‌ಜೆಡ್ ದಾರಿಯನ್ನು ಕ್ಯೂಬ್‌ಸಿಟಿಎಲ್ ಗೆಟ್ --ರಾ ಮೂಲಕ ಕೇಳಿದರೆ ಫೈಲಿನಿಂದ ಬಂದ ವರ್ಬಾಸಿಟಿ ಕಾಣುತ್ತದೆ. ಕರ್ಲ್‌ನಿಂದ ಏರಿಸಿದ್ದು ಅಲ್ಲಿ ಕಾಣುವುದಿಲ್ಲ, ಅದಕ್ಕೆ ಮತ್ತೆ ಕರ್ಲ್‌ನಿಂದಲೇ 2 ಕೊಡಿ. 2 ಕಾಯಂ ಆಗಿ ಉಳಿಯಬೇಕೆಂದರೆ ಮ್ಯಾನಿಫೆಸ್ಟ್ ತಿದ್ದಿದ್ದು ಸಾಲದು. ಮುಂದಿನ ಅಪ್‌ಗ್ರೇಡ್‌ನಲ್ಲಿ ಕ್ಯೂಬ್‌ಅಡ್ಮಿನ್ ಆ ಫೈಲುಗಳನ್ನು ಹೊಸದಾಗಿ ಬರೆಯುತ್ತದೆ. ಕ್ಯೂಬ್-ಸಿಸ್ಟಮ್‌ನ ಕ್ಯೂಬ್‌ಅಡ್ಮಿನ್-ಕಾನ್ಫಿಗ್ ಕಾನ್ಫಿಗ್‌ಮ್ಯಾಪ್‌ನಲ್ಲಿ ಎಕ್ಸ್‌ಟ್ರಾಆರ್ಗ್ಸ್ ಅಡಿಯಲ್ಲೂ, ಕ್ಯೂಬ್‌ಲೆಟ್‌ಗೆ ಕ್ಯೂಬ್‌ಲೆಟ್-ಕಾನ್ಫಿಗ್‌ನಲ್ಲೂ ಅದೇ ಅಂಕಿ ಬರೆಯಿರಿ.

ಹಿಡಿದ ಫೈಲುಗಳನ್ನು ಯಾರಿಗಾದರೂ ಕಳಿಸುವ ಮೊದಲು ರೈತರ ಮೊಬೈಲ್ ನಂಬರು, ಟೋಕನ್, ಪಾಸ್‌ವರ್ಡ್ ಇವೆಯೇ ಎಂದು ಗ್ರೆಪ್ ಮಾಡಿ ಅಳಿಸಿ. ಕೆಲಸ ಮುಗಿದ ಮೇಲೆ ನೋಡ್ ಮೇಲಿನ ಮೂಲ ಫೈಲನ್ನೂ ತೆಗೆದುಬಿಡಿ.